ನೀಲಿ ಹಕ್ಕಿಗೆ ಎರಡು ಹೆಸರು

ಹೆಣ್ಣು ಹಕ್ಕಿ ಸತ್ತ ಮೇಲೆ ಗಂಡು ಒಂದು ಕಡೆ ಕೂರಲೇ ಇಲ್ಲ. ಗುಬ್ಬಿಗಿಂತ ಚಿಕ್ಕದು, ಎದೆಯೆಲ್ಲ ತಿಳಿನೀಲಿ, ಆಫ್ರಿಕಾದ ಫಿಂಚ್ ಅದು. ಪಂಜರದೊಳಗೆ ಈ ಕಡ್ಡಿಯಿಂದ ಆ ಕಡ್ಡಿಗೆ ಹಾರುತ್ತ ಕೂಗುತ್ತಲೇ ಇರುತ್ತಿತ್ತು. ಇಳಕಲ್ಲಿನಲ್ಲಿ ಔಷಧಿ ಅಂಗಡಿ ನಡೆಸುವ ವಿದ್ಯಾಗೆ ಅಂಗಡಿಯಲ್ಲಿ ಕೂತರೂ ಕಿವಿಯಲ್ಲಿ ಅದೇ ಕೂಗು.

ಮಾರಿದವನು ಅದನ್ನು ಕಾರ್ಡನ್ ಬ್ಲೂ ಎಂದಿದ್ದ. ಅವಳು ಆ ಹೆಸರನ್ನೇ ಹಿಡಿದು ಜೋಡಿ ಹುಡುಕಿದಳು. ಬಾದಾಮಿಯಲ್ಲಿ ಹಕ್ಕಿ ಸಾಕುವ ಮಹಾಂತೇಶ ಫೋನಿನಲ್ಲಿ, "ನನ್ನ ಹತ್ರ ಬ್ಲೂ ವ್ಯಾಕ್ಸ್‌ಬಿಲ್ ಹೆಣ್ಣೈತ್ರಿ" ಎಂದಾಗ, "ಅದು ಬ್ಯಾರೆ ಜಾತಿ, ಬ್ಯಾಡ್ರಿ" ಎಂದುಬಿಟ್ಟಳು.

ಗಂಡು ಕಾಳು ಮುಟ್ಟುವುದೂ ಕಡಿಮೆಯಾಯಿತು. ಗಾಬರಿಯಿಂದ ಮೊಬೈಲಿನಲ್ಲಿ ಓದುತ್ತ ಹೋದಾಗ ತಿಳಿಯಿತು: ಅವಳ ಹಕ್ಕಿಗೆ ಇಂಗ್ಲಿಷಿನಲ್ಲಿ ಎರಡೂ ಹೆಸರಿವೆ. ಕೆನ್ನೆ ಕೆಂಪಿರುವ ಇನ್ನೊಂದು ಜಾತಿಯನ್ನೂ ಕಾರ್ಡನ್ ಬ್ಲೂ ಎಂದೇ ಕರೆಯುತ್ತಾರೆ. ಕೂಡಲೇ ಮಹಾಂತೇಶನಿಗೆ ಫೋನ್ ಮಾಡಿದಳು.

"ನಿನ್ನೆನ ಕಮತಗಿ ಅಂಜನಾ ಅವ್ರು ಒಯ್ದ್ರಲ್ರಿ."

ಅಂಗಡಿ ಮುಚ್ಚಿ, ಪಂಜರಕ್ಕೆ ಬಟ್ಟೆ ಹೊದಿಸಿ ಎತ್ತಿಕೊಂಡು ವಿದ್ಯಾ ಕಮತಗಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬಟ್ಟೆ ಸರಿಸಿ ಸರಿಸಿ ನೋಡಿದಳು.

ಅಂಜನಾ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಪಡಸಾಲೆಯ ಪಂಜರದಲ್ಲಿ ಕೆಂಪು ಕೆನ್ನೆಯ ಗಂಡೊಂದು ಹೊಸ ಹೆಣ್ಣನ್ನು ಮೂಲೆಗೆ ಅಟ್ಟಿ ಕುಕ್ಕುತ್ತಿತ್ತು.

"ಇವು ಜೋಡಿ ಅಲ್ರಿ. ಈ ಹೆಣ್ಣು ನನ್ನ ಹಕ್ಕಿ ಜಾತಿದು, ನನಗ ಕೊಡ್ರಿ," ಎಂದಳು ವಿದ್ಯಾ.

"ಯಾಕಲ್ಲ? ಹೆಣ್ಣಿಗೆ ಕೆನ್ನಿ ಕೆಂಪಿರಂಗಿಲ್ರಿ. ಎರಡೂ ಕಾರ್ಡನ್ ಬ್ಲೂನ."

"ಹೆಸರಷ್ಟ ಒಂದು. ಈ ಹೆಣ್ಣಿನ ಅಪ್ಪಗ ಕೆಂಪು ಕೆನ್ನಿ ಇತ್ತೇನು, ಮಹಾಂತೇಶ ಅವ್ರನ್ನ ಕೇಳ್ರಿ."

ಅಂಜನಾ ಫೋನ್ ಮಾಡಿ ಕೇಳಿದಳು. ಮುಖ ಇಳಿಯಿತು. "ಖರೆ, ಇರಲಿಲ್ಲಂತ. ಆದ್ರ ಇದನ್ನ ಕೊಟ್ರ ನಂದು ಒಂಟಿ ಆಗ್ತೈತಲ್ರಿ."

ಅಷ್ಟರಲ್ಲಿ ಬಟ್ಟೆಯೊಳಗಿಂದ ಅವಳ ಗಂಡು ಕೂಗಿತು. ಮೂಲೆಯ ಹೆಣ್ಣು ತಲೆಯೆತ್ತಿ ಓಗೊಟ್ಟಿತು. ಅಂಜನಾ ತನ್ನ ಪಂಜರದ ಬಾಗಿಲಿಗೆ ಕೈಹಾಕಿದಳು.

"ಒಯ್ರಿ. ಹಿಂಗ ಕುಕ್ಕಿಸ್ಕೊಂಡು ಸಾಯೂದು ಬ್ಯಾಡ."

"ನಿಮ್ಮದಕ್ಕ ಜೋಡಿ ನಾ ಹುಡುಕ್ತೇನ್ರಿ."

"ಬರೇ ಬಾಯಿಮಾತು ಆಗಬಾರದು ನೋಡ್ರಿ."

ಮರಳುವ ಬಸ್ಸಿನಲ್ಲಿ ಎರಡೂ ಹಕ್ಕಿಗಳು ಮೈಗೆ ಮೈ ಒತ್ತಿ ಕೂತವು. ವಿದ್ಯಾಳ ಮನಸ್ಸು ಮಾತ್ರ ನಿಲ್ಲಲಿಲ್ಲ. ಪಡಸಾಲೆಯಲ್ಲಿ ಒಂಟಿಯಾಗಿ ಹಾರಾಡುತ್ತಿದ್ದ ಆ ಕೆಂಪು ಕೆನ್ನೆಯೇ ಕಣ್ಣ ಮುಂದೆ. ಹುನಗುಂದ ಬರುವಷ್ಟರಲ್ಲಿ ಅವಳು ಹುಬ್ಬಳ್ಳಿ, ಬೆಳಗಾವಿಯ ಹಕ್ಕಿ ಸಾಕುವವರಿಗೆಲ್ಲ ಫೋನ್ ಹಚ್ಚಿದ್ದಳು.

"ಹೆಸರು ಬ್ಯಾಡ್ರಿ," ಎನ್ನುತ್ತಿದ್ದಳು. "ಅದರ ಅಪ್ಪ-ಅವ್ವನ ಫೋಟೋ ಕಳಸ್ರಿ."