ಎರಡನೆಯ ಕಿವಿ

ನೊಣ ನ್ಯಾಯಾಧೀಶರ ಲೋಟದ ಅಂಚಿನಲ್ಲೇ ಸುತ್ತುತ್ತಿದೆ, ಯಾರೂ ಓಡಿಸುವುದಿಲ್ಲ, ಲೊಬಾತ್ಸೆ ಪಟ್ಟಣದ ದೊಡ್ಡ ಕೋರ್ಟಿನಲ್ಲೂ ನೊಣ ಇರುತ್ತದೆಂದು ಕಟಕಟೆಯಲ್ಲಿ ನಿಂತ ಒಟೆಂಗ್ ಎಣಿಸಿರಲಿಲ್ಲ, ದನದೊಡ್ಡಿಯ ಪ್ರಾಣಿ, ಇಲ್ಲಿಗೂ ಹಿಂದೆಯೇ ಬಂತೇ — ಕೇಳಿಸ್ತೇನಪ್ಪಾ, ಎನ್ನುತ್ತಿದ್ದಾರೆ ನ್ಯಾಯಾಧೀಶರು, ಹಸು ಕದ್ದಿದ್ದಕ್ಕೆ ಐದು ವರ್ಷ ಶಿಕ್ಷೆ ಜಾಸ್ತಿ ಆಯ್ತು ಅಂತ ಬಂದಿದೀಯ, ನಾವು ಕೈ ಹಾಕಿದ್ರೆ ಶಿಕ್ಷೆ ಇಳೀಲೂಬಹುದು, ಏರಲೂಬಹುದು, ಹತ್ತಾಗಬಹುದು, ಮುಂದುವರಿಸ್ತೀಯೋ, ಅರ್ಜಿ ವಾಪಸ್ ತಗೋತೀಯೋ. ಏರುವುದೆಂದು ಸೆಗಾಲೆ ಹೇಳಿರಲೇ ಇಲ್ಲ, ಜೈಲಿನಲ್ಲಿ ಪಕ್ಕದ ಚಾಪೆಯವನು, ಕಾನೂನನ್ನೆಲ್ಲ ಅರೆದು ಕುಡಿದವನಂತೆ ಆಡುವ ಬಡಾಯಿಕೋರ, ಅರ್ಜಿ ಬರೆದುಕೊಟ್ಟವನು, ಎಷ್ಟು ಹಸು ಕದ್ದೆಯೋ ಅಂತ ಕೇಳಿದ್ದ, ಒಂದೇ, ಆಣೆ ಮಾಡಿ ಹೇಳು, ಒಂದೇ ಅಂದ್ನಲ್ಲಪ್ಪ, ಸರಿ, ಜಡ್ಜ್ ಕರಗಿಹೋಗೋ ಹಾಗೆ ಬರೀತೀನಿ ನೋಡು — ತಾಯಿಯ ಮಣ್ಣಿಗೆ ಬಂದವರಿಗೆ ಊಟ ಹಾಕಲು ಒಂದು ಹಸು, ಜೀವಮಾನದಲ್ಲಿ ಒಂದೇ ಒಂದು. ಹಸು ಕೊಯ್ಯದೆ ತಾಯಿಯನ್ನು ಮಣ್ಣಿಗಿಡುವುದುಂಟೇ, ಊರು ಉಗಿಯುತ್ತಿತ್ತು, ಕಡಾಯಿಯಲ್ಲಿ ಮಾಂಸ ಕುದಿದು ಕುದಿದು ನಾರಾಗುವಾಗ, ಹನ್ನೊಂದು ವರ್ಷ ಅವನಿಂದ ದನ ಮೇಯಿಸಿಕೊಂಡ ಮೊಸಿನ್ಯಿ ಮುದುಕನೂ ತಟ್ಟೆ ಹಿಡಿದು ಕೂತು, ತನ್ನದೇ ಹಸುವನ್ನು ಚಪ್ಪರಿಸಿ, ಒಳ್ಳೇ ಮಾಂಸ ಕಣಯ್ಯಾ, ನಿಮ್ಮಮ್ಮ ಪುಣ್ಯವಂತೆ. ಆಮೇಲೆ ಕರಿನಾಯಿ, ಅವನೇ ಗಂಜಿ ಹಾಕಿ ಸಾಕಿದ ನಾಯಿ, ಅವನು ಹೂತಿಟ್ಟಿದ್ದ ಹಸುವಿನ ಕಿವಿಯನ್ನು ಕೆದಕಿ, ಕಚ್ಚಿಕೊಂಡು, ನೆಟ್ಟಗೆ ಮುದುಕನ ಅಂಗಳಕ್ಕೇ ಹೋಯಿತು, ಅಂಚು ಎರಡು ಕಡೆ ಕತ್ತರಿಸಿದ ಕಿವಿ, ಮೊಸಿನ್ಯಿಯ ದನಗಳ ಗುರುತು. ಆ ಹಸು ತಾಯಿಗೆ, ಎರಡನೆಯದು? ಕಟುಕನಿಗೆ ಮಾರಿದ್ದು, ಯಾರ ಸಾವಿಗೂ ಅಲ್ಲ, ಸುಲಭವಾಗಿತ್ತು ಅಷ್ಟೇ, ಥೂ. ಅದರ ಕಿವಿ ಬೇಲಿಯ ಹಿಂದೆ, ಮೊಣಕೈ ಆಳದಲ್ಲಿ, ಮೇಲೊಂದು ಕಲ್ಲು, ಯಾರಿಗೂ ಗೊತ್ತಿಲ್ಲ. ನಿನ್ನೆ ಜೈಲಿನ ಜಾಲರಿಯಾಚೆ ನಿಂತು ಹೆಂಡತಿ ಡಿಸೆಬೊ, ಮಳೆ ಬಂದಿದ್ದೇ ಬಂದಿದ್ದು, ನಿಮ್ಮ ನಾಯಿ ಬೇಲಿ ಹಿಂದೆ ಕೆರೀತಾ ಕೂತಿದೆ, ಹುಚ್ಚು ಹಿಡಿದ ಹಾಗೆ, ಆ ಕಲ್ಲೆತ್ತಿ ಬಿಸಾಕ್ಲಾ — ಬೇಡ ಎನ್ನಬೇಕಿತ್ತು, ಆದರೆ ಕಾವಲಿನವನು ಪಕ್ಕದಲ್ಲೇ ಕೇಳುತ್ತಿದ್ದ.

ಈಗ ಮೊಸಿನ್ಯಿ ಮುದುಕ ಮುಂದಿನ ಬೆಂಚಿನಲ್ಲಿದ್ದಾನೆ, ತೊಡೆಯ ಮೇಲೆ ಪೇಪರಿನ ಸಣ್ಣ ಪೊಟ್ಟಣ, ಬ್ರೆಡ್ಡಿರಬಹುದು, ದೂರದಿಂದ ಬಂದವನು, ಬ್ರೆಡ್ಡೇ. ಡಿಸೆಬೊ ನೆಲ ನೋಡುತ್ತಿದ್ದಾಳೆ, ಯಾಕೆ ನೆಲ, ಯಾಕೆ ಗಂಡನನ್ನಲ್ಲ — ಏನಪ್ಪಾ, ಹೇಳು. ಐದಾದರೆ ಮಗಳ ಮದುವೆಗೆ ಇರುತ್ತಾನೆ, ಹತ್ತಾದರೆ ಅವಳ ಮಕ್ಕಳಿಗೆ ಕಳ್ಳಜ್ಜ, ವಾಪಸ್ ಎನ್ನು, ಒಂದೇ ಮಾತು, ನೊಣ ಲೋಟ ಬಿಟ್ಟಿತು, ಬೆಂಚುಗಳ ಮೇಲೆ ಹಾರಾಡಿ ಪೊಟ್ಟಣದ ಮೇಲೆ ಕೂತಿತು, ಇನ್ನೊಂದು ಬಂತು, ಮತ್ತೊಂದು, ಮುದುಕ ಓಡಿಸುವುದಿಲ್ಲ, ಒಟೆಂಗ್‌ನನ್ನೇ ನೋಡುತ್ತ ಪೇಪರಿನ ಮಡಿಕೆ ಬಿಚ್ಚುತ್ತಿದ್ದಾನೆ, ಮಣ್ಣು, ಕಿವಿ, ಎರಡು ಕಡೆ ಕತ್ತರಿಸಿದ ಕಿವಿ.