ಡ್ರಿಲ್ ಮೇಷ್ಟ್ರ ಎರಡನೇ ಬಿಸ್ಕತ್ತು

ಡ್ರಿಲ್ ಮೇಷ್ಟ್ರಿಗೆ ಕಾಯಿಲೆಗಳೆಂದರೆ ಆಗುತ್ತಿರಲಿಲ್ಲ. ತಮಗೆ ಬಂದವಲ್ಲ, ಬೇರೆಯವರಿಗೆ ಬಂದವು. ಶಾಲೆಯಲ್ಲಿ ಇದ್ದಷ್ಟು ಕಾಲವೂ ಅವರು ಓಡಿಸಿದ್ದು ಮಕ್ಕಳನ್ನು, ಹಿಡಿದದ್ದು ಸುಳ್ಳುಗಳನ್ನು. ಓಟದ ದಿನ ಬಂತೆಂದರೆ ಅರ್ಧ ತರಗತಿಗೆ ಹೊಟ್ಟೆನೋವು, ಇನ್ನರ್ಧಕ್ಕೆ ಕಾಲು ಉಳುಕು. ಮೇಷ್ಟ್ರು ಬೈಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. "ಎಲ್ಲಿ ನೋವು, ತೋರಿಸು" ಎಂದು ಕೇಳಿ, ನೆರಳಲ್ಲಿ ಕೂರಿಸಿ, ಅದೂ ಇದೂ ಮಾತಾಡಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಕೇಳುತ್ತಿದ್ದರು. ಮೊದಲು ಎಡಗಡೆ ಹಿಡಿದುಕೊಂಡಿದ್ದ ಹುಡುಗ ಈಗ ಬಲಗಡೆ ಹಿಡಿದುಕೊಳ್ಳುತ್ತಿದ್ದ. ಅಲ್ಲಿಗೆ ಕಾಯಿಲೆ ವಾಸಿ. ಈ ಲೆಕ್ಕದಲ್ಲಿ ಊರಿನ ಡಾಕ್ಟರುಗಳೆಲ್ಲ ತಮ್ಮ ಹತ್ತಿರ ಪಾಠಕ್ಕೆ ಬರಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು.

ನಿವೃತ್ತರಾದ ಮೇಲೆ ಓಡಿಸಲು ಮಕ್ಕಳಿರಲಿಲ್ಲ, ಆದರೆ ಹಿಡಿಯಲು ಕಾಯಿಲೆಗಳು ಮಗಳ ಮನೆಯಲ್ಲೇ ಎರಡು ಸಿಕ್ಕವು. ಒಂದು ಅಳಿಯನದು. ಆಫೀಸಿನ ಲಿಫ್ಟಿನಲ್ಲಿ, ಅಂಗಡಿಯ ಸಾಲಿನಲ್ಲಿ, ಕೆಲವು ಸಲ ಸುಮ್ಮನೆ ಸೋಫಾದ ಮೇಲೆ ಕೂತಿದ್ದಾಗಲೂ ಅವನಿಗೆ ಎದೆ ಹೊಡೆದುಕೊಂಡು, ಬೆವರು ಕಿತ್ತುಕೊಂಡು, ಈಗಲೇ ಸತ್ತೆ ಅನ್ನಿಸುತ್ತಿತ್ತಂತೆ. ಮನಸ್ಸಿನ ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರಿಟ್ಟು ಮಾತ್ರೆ ಕೊಟ್ಟಿದ್ದರು. "ಹೆದರಿಕೆಗೂ ಮಾತ್ರೆಯಂತೆ. ನಮ್ಮ ಕಾಲದಲ್ಲಿ ನಾಯಿ ಅಟ್ಟಿಸ್ಕೊಂಡು ಬರ್ತಿತ್ತು, ಓಡ್ತಿದ್ವಿ, ಸರಿಹೋಗ್ತಿತ್ತು" ಎನ್ನುತ್ತಿದ್ದರು ಮೇಷ್ಟ್ರು. ಎರಡನೆಯದು ಮೊಮ್ಮಗಳು ಚೂಟಿಯದು. ಎಂಟು ವರ್ಷದ ಆ ಹುಡುಗಿಗೆ ಕಡಲೆಬೀಜ ಆಗದು. ಒಂದು ಚೂರು ತಿಂದರೂ ಗಂಟಲು ಊದಿ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಡಲೆಬೀಜ ತಿಂದವರು ಕೈ ಬಾಯಿ ತೊಳೆಯದೆ ಅವಳನ್ನು ಮುದ್ದು ಮಾಡುವಂತೆಯೂ ಇರಲಿಲ್ಲ. "ಕಡಲೆಬೀಜ ಮುಕ್ಕಿ ಬೆಳೆದ ವಂಶ ಕಣೇ ನಮ್ದು" ಎಂದು ಹೇಳಿ ಮೇಷ್ಟ್ರು ಮಗಳಿಂದ ಬೈಸಿಕೊಂಡಿದ್ದರು.

ಆ ಬಾಯಿಂದಾಗಿಯೇ ಮಗಳು ಚೂಟಿಯನ್ನು ಅವರ ಬಳಿ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಮಗಳ ಮನೆ ಇರುವುದು ಎರಡು ಬೀದಿ ಆಚೆ, ಆದರೆ ಮೊಮ್ಮಗಳು ಸಿಗುತ್ತಿದ್ದದ್ದು ಅವಳಮ್ಮನ ಕಣ್ಗಾವಲಿನಲ್ಲಿ. ಶನಿವಾರವಾದರೂ ಕೊಡು ಎಂದು ಕೇಳಿ ಕೇಳಿ ಮೇಷ್ಟ್ರು ಸೋತಿದ್ದರು. ಕೊನೆಗೊಂದು ಶುಕ್ರವಾರ ಮಗಳೇ ಫೋನು ಮಾಡಿದಳು. ಅಳಿಯನ ಡಾಕ್ಟರು ಈ ಸಲ ಗಂಡಹೆಂಡತಿ ಇಬ್ಬರನ್ನೂ ಬರಹೇಳಿದ್ದರು, ಚೂಟಿಯನ್ನು ಬಿಡಲು ಬೇರೆ ಜಾಗವಿರಲಿಲ್ಲ.

"ಇವತ್ತು ಸರಿಯಾಗಿ ನಡೆದ್ರೆ ಪ್ರತಿ ಶನಿವಾರ ಬಿಡ್ತೀನಿ ಅಪ್ಪ. ಏನಾದ್ರೂ ಎಡವಟ್ಟಾದ್ರೆ ಇದೇ ಕೊನೆ" ಎಂದು ಮಾರನೇ ಬೆಳಿಗ್ಗೆ ಬಾಗಿಲಲ್ಲೇ ಹೇಳಿ ಹಳದಿ ಚೀಲವೊಂದನ್ನು ಕೈಗಿತ್ತಳು. "ಅವಳ ತಿಂಡಿ ಡಬ್ಬಿ ಇದರಲ್ಲೇ ಇದೆ, ಬೇರೆ ಏನೂ ಕೊಡ್ಬೇಡಿ. ಉಸಿರು ಕಟ್ಟಿದ್ರೆ ಚುಚ್ಚೋ ಇಂಜೆಕ್ಷನ್ ಪೆನ್ನೂ ಇದೆ, ಜೊತೇಲಿ ಅಭ್ಯಾಸಕ್ಕೆ ಅಂತ ಇನ್ನೊಂದಿದೆ. ಬನ್ನಿ, ಹೇಗೆ ಚುಚ್ಚೋದು ಅಂತ ತೋರಿಸ್ತೀನಿ."

"ಹೋಗೇ ಹೋಗೇ. ಊರ ಮಕ್ಕಳನ್ನೆಲ್ಲ ನೋಡ್ಕೊಂಡೋನಿಗೆ ಇವಳೊಬ್ಬಳು ಹೆಚ್ಚಾ" ಎಂದು ಮೇಷ್ಟ್ರು ಚೀಲವನ್ನು ಫ್ರಿಜ್ಜಿನ ಮೇಲಿಟ್ಟರು.

ಆ ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ, ಹಿಂದಿನ ಸಂಜೆ ಬೇಕರಿಯಿಂದ ತಂದ ಕಡಲೆಬೀಜದ ಬಿಸ್ಕತ್ತು ಒಂದೇ ಒಂದು, ಕಾಗದದಲ್ಲಿ ಬೆಚ್ಚಗೆ ಕೂತಿತ್ತು. ಮೇಷ್ಟ್ರು ಕೆಟ್ಟವರಲ್ಲ. ಮೊಮ್ಮಗಳ ಮೇಲೆ ಜೀವ ಇಟ್ಟುಕೊಂಡವರು. ಕಾಯಿಲೆಯೇ ಸುಳ್ಳೆಂದು ಸಾಬೀತಾದರೆ ಶನಿವಾರವೇನು, ಭಾನುವಾರವೂ ತಮ್ಮದೇ ಎಂದು ಲೆಕ್ಕ ಹಾಕಿದ್ದರು ಅಷ್ಟೆ. ಬುದ್ಧಿವಂತರು ಕೆಡುವುದೇ ಹೀಗೆ, ಲೆಕ್ಕ ಹಾಕಿ.

ಚೂಟಿ ಊಟದ ಮೇಜಿನ ಮೇಲೆ ಚಿತ್ರ ಬರೆಯುತ್ತಿದ್ದಳು. ಮೇಷ್ಟ್ರು ಅವಳ ಡಬ್ಬಿಯಿಂದಲೇ ಒಂದು ಬಿಸ್ಕತ್ತು ತೆಗೆದು ತಟ್ಟೆಗೆ ಹಾಕಿ ಕೊಟ್ಟರು. ಅವಳು ಪೂರ್ತಿ ತಿಂದು ಮುಗಿಸುವ ತನಕ ಕಾದು, ಹಣೆ ಚಚ್ಚಿಕೊಂಡರು.

"ಅಯ್ಯೋ ಪುಟ್ಟಿ, ಅದು ಕಡಲೆಬೀಜದ್ದು ಕಣೇ. ಕನ್ನಡಕ ಹಾಕ್ಕೊಂಡಿರ್ಲಿಲ್ಲ ನಾನು."

ಚೂಟಿಯ ಕೈಯಿಂದ ಪೆನ್ಸಿಲ್ಲು ಬಿತ್ತು. ಮೊದಲು ಕತ್ತು ಕೆರೆದುಕೊಂಡಳು, ಆಮೇಲೆ ತೋಳು. ಕೆರೆದಲ್ಲೆಲ್ಲ ಕೆಂಪಾಯಿತು. ಕೆಮ್ಮು ಶುರುವಾಯಿತು, ಕಣ್ಣಲ್ಲಿ ನೀರು ತುಂಬಿತು. "ತಾತ, ಹಳದಿ ಚೀಲ" ಎಂದು ಮೇಲೆ ಕೈ ತೋರಿಸಿದಳು.

ಮೇಷ್ಟ್ರು ತೊಡೆ ತಟ್ಟಿ ನಕ್ಕರು. "ಸಿಕ್ಕಿಬಿದ್ಯಾ ಕಳ್ಳಿ. ಅದು ನಿನ್ನ ಡಬ್ಬೀದೇ. ಕಡಲೆಬೀಜಾನೂ ಇಲ್ಲ ಏನೂ ಇಲ್ಲ. ಎಲ್ಲಾ ತಲೇಲಿರೋದು ಅಂತ ನಾನು ಬಡ್ಕೊಂಡೆ, ಯಾರು ಕೇಳ್ತಾರೆ?"

ಕೆಮ್ಮು ನಿಂತಿತು. ಚೂಟಿ ಕಣ್ಣೊರೆಸಿಕೊಂಡು ತಾತನನ್ನು ದಿಟ್ಟಿಸಿ ನೋಡಿದಳು. ಆ ನೋಟ ಅವಳಮ್ಮನದೇ ಪಡಿಯಚ್ಚು. ಮೇಷ್ಟ್ರಿಗೆ ಅದನ್ನು ಗಮನಿಸಲು ಪುರುಸೊತ್ತಿರಲಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಇನ್ನು ಎರಡನೆಯದು: ಹೇಳದೆ ಕೊಟ್ಟ ನಿಜವಾದ ಕಡಲೆಬೀಜ ಏನು ಮಾಡುತ್ತದೆ? ಕಪಾಟಿನಿಂದ ಕಾಗದದ ಪೊಟ್ಟಣ ಬಿಚ್ಚಿ ಎರಡನೇ ಬಿಸ್ಕತ್ತನ್ನು ತಟ್ಟೆಗೆ ಹಾಕಿದರು. ತುದಿ ಮುರಿದು ಒಂದು ಚೂರು ಕೊಟ್ಟರಾಯಿತು ಎಂದುಕೊಂಡು, ಗೆದ್ದ ಖುಷಿಯಲ್ಲಿ ಮೇಜಿನ ಮೇಲಿದ್ದ ಲೋಟದ ನೀರನ್ನು ಗಟಗಟ ಕುಡಿದರು.

"ತಾತ, ಆ ನೀರಲ್ಲಿ ಆಗ್ಲೇ ಹಲ್ಲಿ ಬಿದ್ದಿತ್ತು. ಬಾಲ ಹಿಡಿದು ತೆಗ್ದೆ. ನಿಂಗೆ ಹೇಳೋಕೆ ಮರ್ತೇಹೋಯ್ತು" ಎಂದಳು ಚೂಟಿ.

ಡಾಕ್ಟರು ಹೇಳಿದ್ದನ್ನು ನಂಬದ ಮೇಷ್ಟ್ರು ಹಲ್ಲಿ ಬಿದ್ದ ನೀರು ವಿಷ ಎಂಬುದನ್ನು ಮಾತ್ರ ಚಿಕ್ಕಂದಿನಿಂದ ನಂಬಿದ್ದರು. ಲೋಟ ಕೈಜಾರಿ ಒಡೆಯಿತು. ಅಡುಗೆಮನೆಯ ಸಿಂಕಿಗೆ ಬಾಗಿದವರು ಬೆಳಿಗ್ಗೆ ತಿಂದದ್ದನ್ನೆಲ್ಲ ಒಪ್ಪಿಸಿದರು. ಎದೆ ಡವಡವ ಹೊಡೆದುಕೊಂಡಿತು, ಬೆನ್ನೆಲ್ಲ ಬೆವರಿತು, ಬೆರಳು ತಣ್ಣಗಾದವು. ಮುಗೀತು ನನ್ನ ಕಥೆ ಅನ್ನಿಸಿ, ಮಗಳಿಗೆ ಫೋನು ಮಾಡಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಸುಳ್ಳು ತಾತ. ಹಲ್ಲೀನೂ ಇಲ್ಲ ಏನೂ ಇಲ್ಲ. ನೀನೂ ನಾಟಕ ಆಡ್ತಿದ್ಯಾ?"

ಮೇಷ್ಟ್ರು ಸಿಂಕಿನೊಳಗೆ ನೋಡಿದರು. ಅಲ್ಲಿದ್ದದ್ದು ನಾಟಕವಾಗಿರಲಿಲ್ಲ. ಆಡಿದವನಿಗೆ ಗೊತ್ತಿಲ್ಲದ ನಾಟಕ ಯಾವುದಿದೆ? ಹಾಗಾದರೆ ಆ ಹುಡುಗಿಯ ಕೆಮ್ಮು, ತೋಳಿನ ಕೆಂಪು? ತಮ್ಮ ಪರೀಕ್ಷೆ ಹಿಡಿದುಕೊಟ್ಟದ್ದಾದರೂ ಏನನ್ನು? ಹಾಗೆಂದುಕೊಂಡು ತಿರುಗಿ ನೋಡಿದರೆ ಚೂಟಿ ಮೇಜಿನ ಬಳಿಗೆ ಹೋಗಿಯಾಗಿತ್ತು. "ಇದೂ ಸುಳ್ಳು ಬಿಸ್ಕತ್ತೇನಾ?" ಎಂದು ತಟ್ಟೆಯತ್ತ ಕೈ ಚಾಚಿದ್ದಳು.

ಮೇಷ್ಟ್ರ ಕೈ ತಾನಾಗಿ ಕೊರಳಿಗೆ ಹೋಗಿ, ನಿವೃತ್ತರಾದ ಮೇಲೂ ಬಿಡದೆ ನೇತುಹಾಕಿಕೊಂಡಿದ್ದ ಸೀಟಿಯನ್ನು ಬಾಯಿಗಿಟ್ಟಿತು. ಊದಿದ ಸದ್ದಿಗೆ ಚೂಟಿ ಕೈ ಚಾಚಿದ ಹಾಗೇ ಕಲ್ಲಾದಳು. ಅಷ್ಟರಲ್ಲಿ ತಾತ ಓಡಿಬಂದು, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗನ ಹಾಗೆ, ಬಿಸ್ಕತ್ತನ್ನು ಇಡಿಯಾಗಿ ತಮ್ಮ ಬಾಯಿಗೆ ತುರುಕಿಕೊಂಡರು.

"ಅದ್ಯಾಕೆ ತಿಂದೆ?"

"ಹಸಿವು."

"ಈಗ ತಾನೇ ವಾಂತಿ ಮಾಡಿದ್ಯಲ್ಲ."

ಆಗಲೇ ಕರೆಗಂಟೆ ಬಡಿದುಕೊಂಡಿತು. ಮಗಳು, ಅಳಿಯ ಒಳಗೆ ಬಂದರು. "ತಾತಂಗೆ ಪಾಪ ಹುಷಾರಿಲ್ಲ" ಎನ್ನುತ್ತಾ ಚೂಟಿ ತಬ್ಬಿಕೊಳ್ಳಲು ಓಡಿಬಂದಳು. ಮೇಷ್ಟ್ರು ಎರಡೂ ಕೈ ಮೇಲೆತ್ತಿ ಗೋಡೆಗೆ ಅಂಟಿಕೊಂಡರು.

"ಹತ್ರ ಬರ್ಬೇಡ. ಮುಟ್ಬೇಡ ನನ್ನ."

ಮಗಳು ನಿಂತಲ್ಲೇ ನಿಂತಳು. "ಏನಾಯ್ತಪ್ಪ?"

"ಹೊಟ್ಟೆನೋವು."

"ಎಲ್ಲಿ?"

ಮೇಷ್ಟ್ರು ಎಡಗಡೆ ಹಿಡಿದುಕೊಂಡರು. ಮಗಳು ಚೂಟಿಯನ್ನು ಪಕ್ಕಕ್ಕೆ ಎಳೆದುಕೊಂಡು, ಒಡೆದ ಲೋಟವನ್ನೂ ತಟ್ಟೆಯನ್ನೂ ನೋಡಿ, ಫ್ಯಾನು ಸದ್ದು ಮಾಡ್ತಿದೆ, ರಿಪೇರಿಯವನಿಗೆ ಹೇಳಿದ್ರಾ ಎಂದು ವಿಚಾರಿಸಿದಳು. ಹೇಳಬೇಕು ಎಂದರು ಮೇಷ್ಟ್ರು. "ಈಗ ಎಲ್ಲಿ ನೋವು?" ಎಂದಳು. ಮೇಷ್ಟ್ರ ಕೈ ಬಲಗಡೆಗೆ ಹೋಯಿತು. ಹೋದ ಮೇಲೆ ಅವರೇ ಅದನ್ನು ನೋಡಿಕೊಂಡರು. ಮಗಳು ಆ ಮನೆಯಲ್ಲೇ ಬೆಳೆದವಳು.

ಎಲ್ಲವನ್ನೂ ಹೇಳಿದರು, ಕಪಾಟಿನ ಪೊಟ್ಟಣದ ಸಮೇತ. ಮಗಳು ಕಿರುಚಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮೆಲ್ಲಗೆ, "ಹೋದ ಸಲ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಇವಳ ತುಟಿ ನೀಲಿ ಆಗಿತ್ತಪ್ಪ. ನೀವು ನೋಡಿಲ್ಲ, ನಾನು ನೋಡಿದೀನಿ" ಎಂದಳು. ಮೇಷ್ಟ್ರಿಗೆ ನಾಚಿಕೆಯಲ್ಲಿ ನೆಲ ಬಿರಿಯಬಾರದೇ ಅನ್ನಿಸಿತು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಮೊಣಕೈ ತನಕ ತಿಕ್ಕಿದರು, ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದರು.

ಅಳಿಯ ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಮೇಷ್ಟ್ರು ಮುಖ ಒರೆಸಿಕೊಳ್ಳುತ್ತಾ, ಟವೆಲ್ಲಿನೊಳಗಿಂದಲೇ ಕೇಳಿದರು. "ನಿಮಗೂ ಹೀಗೇ ಆಗುತ್ತಾ ಅಳಿಯಂದ್ರೇ? ಎದೆ ಹೊಡ್ಕೊಂಡು, ಸತ್ತೇಹೋದೆ ಅಂತ?"

"ಹೌದು ಮಾವ, ಥೇಟ್ ಹೀಗೇ" ಎಂದ ಅಳಿಯ. "ಆದ್ರೆ ನಂಗೆ ಯಾರೂ ಬಂದು, ಸುಳ್ಳು, ಹಲ್ಲಿ ಇರ್ಲಿಲ್ಲ ಅಂತ ಹೇಳಲ್ಲ."

ಮೇಷ್ಟ್ರು ಟವೆಲ್ಲನ್ನು ಮಡಿಸಿ ಅಳಿಯನ ಕೈಗಿತ್ತು, ಹೊರಗೆ ಬಂದು, ಫ್ರಿಜ್ಜಿನ ಮೇಲಿನ ಹಳದಿ ಚೀಲವನ್ನು ತಾವೇ ತೆಗೆದು ಮಗಳ ಮುಂದಿಟ್ಟರು.

"ಶನಿವಾರ ಕೇಳಲ್ಲ ನಾನು. ಕೇಳೋ ಮುಖ ಇಲ್ಲ. ಇದನ್ನ ಹೇಗೆ ಚುಚ್ಚೋದು, ಅದೊಂದು ತೋರಿಸು."

ಮಗಳು ಅವರನ್ನು ನೋಡಿದಳು, ಗಂಡನನ್ನು ನೋಡಿದಳು. "ಬರೋ ಶನಿವಾರ ಮೂರೂ ಜನ ಬರ್ತೀವಿ. ಇವಳೊಬ್ಬಳನ್ನ ಬಿಡೋ ಮಾತು ಆಮೇಲೆ ನೋಡೋಣ" ಎಂದು ಚೀಲದಿಂದ ಪೆನ್ನು ತೆಗೆದಳು. "ಕಾಲು ನೀಡಿ ಕೂತ್ಕೊಳ್ಳಿ. ತೊಡೆ ಪಕ್ಕಕ್ಕೆ, ಬಟ್ಟೆ ಮೇಲಿಂದಾನೇ, ಗಟ್ಟಿಯಾಗಿ ಒತ್ತಿ ಹಿಡ್ಕೋಬೇಕು." ಹೇಳಿದ ಹಾಗೆಯೇ ಮಾಡಿದಳು. ಬೇಕಾದದ್ದಕ್ಕಿಂತ ಕೊಂಚ ಗಟ್ಟಿಯಾಗಿಯೇ ಒತ್ತಿದಳೋ ಏನೋ.

"ಅಮ್ಮಾ" ಎಂದು ಮೇಷ್ಟ್ರು ಮುಖ ಕಿವುಚಿದರು. "ಸೂಜಿ ಮೂಳೆಗೇ ತಾಕ್ತಲ್ಲೇ."

ಚೂಟಿ ಪೆನ್ನನ್ನು ಇಸಿದುಕೊಂಡು ತಿರುಗಿಸಿ ಅವರ ಮೂಗಿನ ಮುಂದೆ ಹಿಡಿದಳು. "ಇದು ಅಭ್ಯಾಸದ್ದು ತಾತ. ಇದರಲ್ಲಿ ಸೂಜೀನೇ ಇಲ್ಲ."

ಅಳಿಯ ಗೋಡೆಯ ಕಡೆ ತಿರುಗಿಕೊಂಡ, ಅವನ ಭುಜ ಕುಲುಕುತ್ತಿತ್ತು. ಮೇಷ್ಟ್ರು ಪೆನ್ನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ತೊಡೆ ಉಜ್ಜಿಕೊಳ್ಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಆದ್ರೂ ನೋಯ್ತಿದೆ" ಎಂದರು.