ಸುಡಬೇಕಿದ್ದ ಹಾಳೆ

ಒಂಬತ್ತನೇ ತಿಂಗಳ ಚಳಿ, ಬಿಸಿಲು ಇನ್ನೂ ಗೋಡೆ ಹತ್ತಿರಲಿಲ್ಲ. ಕೌ ಶುನ್ ಶಾಯಿ ತೇಯುತ್ತಾ ಮತ್ತೆ ಮತ್ತೆ ದಕ್ಷಿಣದ ಕಿಟಕಿ ನೋಡುತ್ತಿದ್ದ. ಆ ದಿಕ್ಕಿನ ಊರಲ್ಲಿ ಅವನ ತಂಗಿ ಇದ್ದಳು. ಅರಮನೆ ಸೇರಿ ಇಪ್ಪತ್ತೆರಡು ವರ್ಷವಾದರೂ ಊರಿಗೆ ಹೋಗುತ್ತೇನೆಂದು ಕೇಳಲು ಬಾಯಿ ಬಂದಿರಲಿಲ್ಲ. ಬೆರಳು ನಡುಗಿ ಕಪ್ಪು ಶಾಯಿ ನೀರುನೀರಾಗಿಯೇ ಉಳಿಯಿತು. ಎದುರಿಗೆ ಕುಂಚ ಹಿಡಿದು ಕಾಯುತ್ತಿದ್ದ ಚಕ್ರವರ್ತಿಗೆ ತಾಳ್ಮೆ ತಪ್ಪಿತು. ಅಪ್ಪಣೆ ಬರೆಯಲು ಇಟ್ಟಿದ್ದ ಕೆಂಪು ಶಾಯಿಗೇ ಕುಂಚ ಅದ್ದಿ, ದಿನಾ ಬರೆಯುವ ತನ್ನ ಮನಸ್ಸಿನ ಮಾತನ್ನು ಬರೆದು ಮುಗಿಸಿದ.

"ತಗೊಳ್ಳೋ ಮುದುಕ, ಎಂದಿನ ಹಾಗೆ," ಎಂದು ಹಾಳೆ ಕೊಟ್ಟು ಸ್ನಾನಕ್ಕೆ ಎದ್ದ.

ಎಂದಿನ ಹಾಗೆ ಎಂದರೆ ಕೆಂಡಕ್ಕೆ ಹಾಕುವುದು. ಓದಲು ಬಾರದವನೆಂದೇ ಕೌನನ್ನು ಅಲ್ಲಿಟ್ಟಿದ್ದರು. ಆದರೆ ಅವನಿಗೆ ಬಣ್ಣ ಗೊತ್ತಿತ್ತು. ಕೆಂಪಕ್ಷರ ಬರೆಯುವವನು ಅರಮನೆಗೆಲ್ಲ ಒಬ್ಬನೇ. ಅದನ್ನು ಸುಟ್ಟವನ ತಲೆ ಉಳಿಯದು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮಂತ್ರಿ ಷೆನ್‌ಗೆ ಒಪ್ಪಿಸಿ ಬಂದ.

ಊಟದ ಹೊತ್ತಿಗೆ ಷೆನ್ ಬಂದು ಅಡ್ಡಬಿದ್ದ. ಹಿಂದೆ ಒಂದು ಬುಟ್ಟಿ ಸುಟ್ಟ ಗೆಣಸು, ಅದರ ಹಿಂದೆ ಮೂವರು ಹೊಸಬರು.

"ಇದೇನಯ್ಯಾ?"

"ತಮ್ಮ ಅಪ್ಪಣೆ, ಮಹಾಪ್ರಭು. ಬೀದಿ ಗೆಣಸು ತಿನ್ನೋ ಆಸೆ ಅಂತ ಬರ್ದಿದ್ರಿ, ತಂದಿದ್ದೀನಿ. ಷೆನ್ ಪದ್ಯ ಎಮ್ಮೆ ಕೂಗಿದ ಹಾಗಿರುತ್ತೆ, ನಗು ತಡೆದು ಹೊಟ್ಟೆ ನೋವು ಅಂತಾನೂ ಬರ್ದಿದ್ರಿ. ಇನ್ಮೇಲೆ ನಾನು ಪದ್ಯ ಬರೆಯಲ್ಲ."

ಚಕ್ರವರ್ತಿಯ ಕಿವಿ ಕೆಂಪಾಯಿತು. ಕೌ ಹಣೆ ನೆಲಕ್ಕೆ ಹಚ್ಚಿದ.

"ತಪ್ಪಾಯ್ತು ದೊರೆ. ಕೆಂಪಿತ್ತು, ಸುಡೋಕೆ ಕೈ ಬರ್ಲಿಲ್ಲ. ತಲೆ ತೆಗೆಸಿಬಿಡಿ."

"ಸುಮ್ನಿರೋ. ಷೆನ್, ಇನ್ನೇನಿದೆ ಅದ್ರಲ್ಲಿ? ಓದು."

"'ಕೌನ ಕೈ ನಡುಗುತ್ತಿದೆ. ತಂಗಿಯ ಹತ್ತಿರ ಕಳಿಸಬೇಕು. ಆದರೆ ಇವನ ಹಾಗೆ ಶಾಯಿ ತೇಯುವವರು ಯಾರಿದ್ದಾರೆ?'" ಷೆನ್ ಹಿಂದಕ್ಕೆ ಕೈ ತೋರಿಸಿದ. "ಮೂವರು ಸಿಕ್ಕಿದ್ರು, ಪ್ರಭು."

ಕೆಂಪಲ್ಲಿ ಬರೆದದ್ದನ್ನು ಬರೆದವನೂ ಹಿಂತೆಗೆಯುವಂತಿಲ್ಲ. ಚಕ್ರವರ್ತಿ ಒಂದು ಗೆಣಸು ಮುರಿದು, ಅರ್ಧ ಕೌನ ಕೈಗಿಟ್ಟ, ಅರ್ಧ ಷೆನ್‌ಗೆ ಕೊಟ್ಟ.

"ಒಂದು ಪದ್ಯ ಹೇಳಯ್ಯಾ. ಈ ಸಲ ತಡೆಯಲ್ಲ, ನಗ್ತೀನಿ."

ಷೆನ್ ಹೇಳಿದ. ಮೊದಲು ನಕ್ಕವನು ಕೌ.

ಅರಮನೆಯಲ್ಲಿ ಕೌನ ಕೊನೆಯ ಬೆಳಿಗ್ಗೆ ಮೂವರು ಹೊಸಬರೂ ಹೊರಗೇ ಕಾದರು. ಒಳಗೆ ಚಕ್ರವರ್ತಿ ತಾನೇ ಶಾಯಿ ತೇಯುತ್ತಿದ್ದ, ಮೊಣಕೈವರೆಗೂ ಕಪ್ಪು.

"ಇನ್ನೂ ತೆಳ್ಳಗಿದೆ, ದೊರೆ," ಎಂದ ಕೌ.

ಹತ್ತನೇ ತಿಂಗಳ ಮೂರನೇ ದಿನ ಕೌ ಶುನ್ ತಂಗಿಯ ಊರಿಗೆ ಹೊರಟ. ಅವನ ಅಂಗಿಯ ತೋಳೊಳಗೆ ಬಿಸಿ ಗೆಣಸೊಂದಿತ್ತು.